ಚೀಲ ಒಡೆಯಲಿಲ್ಲ, ಸೋರಲಿಲ್ಲ; ಆದರೂ ಅಮ್ಮನ ಪಾದದಲ್ಲಿ ಬೊಬ್ಬೆ

ತಂಗಾಳಿ
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಅರವತ್ತೆಂಟು ವರ್ಷ. ಪಾದ ತಣ್ಣಗಾದರೆ ನಿದ್ದೆ ಹತ್ತುವುದಿಲ್ಲ ಎಂದು ರಾತ್ರಿ ಬಿಸಿನೀರಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಮಲಗುತ್ತಾರೆ. ನೀರು ತುಂಬಿಸಿ ಕೊಡುವವಳು ನಾನೇ. ನಿನ್ನೆ ಬೆಳಿಗ್ಗೆ ಹೊದಿಕೆ ಮಡಿಸುವಾಗ ನೋಡಿದರೆ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಎರಡು ಬೊಬ್ಬೆ. ಒಂದು ಅಂಗಿಯ ಗುಂಡಿಯಷ್ಟು, ಇನ್ನೊಂದು ಅದಕ್ಕಿಂತ ದೊಡ್ಡದು, ಒಳಗೆ ನೀರು ತುಂಬಿಕೊಂಡಿದೆ. ಅಮ್ಮ ಮಾತ್ರ "ನೋವೇ ಇಲ್ಲವಲ್ಲ, ಚಪ್ಪಲಿ ಉಜ್ಜಿರಬೇಕು" ಎಂದು ಓಡಾಡುತ್ತಿದ್ದಾರೆ.

ಹಾಸಿಗೆ ಒಂದು ಹನಿಯೂ ಒದ್ದೆಯಾಗಿರಲಿಲ್ಲ. ಬಿರಡೆ ಬಿಗಿಯಾಗಿಯೇ ಇತ್ತು. ಕುದಿದ ನೀರು ಹಾಕಿ, ತೆಳುವಾದ ಬಟ್ಟೆ ಒಂದು ಸುತ್ತು ಸುತ್ತಿ ಕೊಟ್ಟಿದ್ದೆ, ಎಂದಿನಂತೆಯೇ. ಚೀಲದಲ್ಲೇ ದೋಷವಿರಬಹುದೇ? ಹೊಸದು ತರುವುದಾದರೆ ಯಾವ ಬಗೆಯದು ಒಳ್ಳೆಯದು? ಅಮ್ಮನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಅದನ್ನೂ ಹೇಳಿಬಿಡುತ್ತೇನೆ.

ಹಳೆಯ ದೀಪ
ಚೀಲ ಎಷ್ಟು ವರ್ಷದ್ದು? ರಬ್ಬರ್ ತೆಳುವಾಗಿದ್ದರೆ ಶಾಖ ಬೇಗ ಹೊರಗೆ ಬರಬಹುದು ಎಂದು ನನ್ನ ಅನಿಸಿಕೆ.

ಶುಶ್ರೂಷಕಿ
ತಂಗಾಳಿಯವರೇ, ಚೀಲದ ಮಾತು ಆಮೇಲೆ. ಇವತ್ತೇ ಅಮ್ಮನನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ನಾಳೆ ಎನ್ನಬೇಡಿ.

ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಬೊಬ್ಬೆಯಲ್ಲ, "ನೋವೇ ಇಲ್ಲ" ಎಂಬ ಮಾತು. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ದುರ್ಬಲವಾಗುತ್ತವೆ. ಬಿಸಿ ಗೊತ್ತಾಗುವುದಿಲ್ಲ, ಚುಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಸಂಚಾರವೂ ಕಡಿಮೆಯಿದ್ದರೆ ಗಾಯ ಮಾಯುವುದು ನಿಧಾನ, ಸೋಂಕು ಹತ್ತುವುದು ಬೇಗ. ಸಣ್ಣ ಬೊಬ್ಬೆ ಹುಣ್ಣಾಗಿ ಮೂಳೆಯವರೆಗೆ ಹೋದದ್ದನ್ನು ನಾನು ಕೆಲಸದಲ್ಲಿ ಕಣ್ಣಾರೆ ಕಂಡಿದ್ದೇನೆ.

ಅಲ್ಲಿಯವರೆಗೆ ಬೊಬ್ಬೆ ಒಡೆಯಬೇಡಿ. ಟೂತ್‌ಪೇಸ್ಟ್, ಎಣ್ಣೆ, ಮುಲಾಮು ಯಾವುದನ್ನೂ ಹಚ್ಚಬೇಡಿ. ಶುಭ್ರವಾದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಆ ಕಾಲಿನ ಮೇಲೆ ಹೆಚ್ಚು ನಡೆಯಲು ಬಿಡಬೇಡಿ.

ಮೂರನೇ ಮಹಡಿ
ವೈದ್ಯರಿಗೆ ತೋರಿಸುವುದು ಸರಿ. ಆದರೆ ಬಿಸಿನೀರಿನ ಚೀಲವನ್ನೇ ಅಪರಾಧಿ ಮಾಡುವುದು ಅತಿಯಾಯಿತು. ಇಪ್ಪತ್ತು ವರ್ಷಗಳಿಂದ ಮರಳುವ ನೀರನ್ನೇ ತುಂಬಿಸಿಕೊಂಡು ಮಲಗುತ್ತಿದ್ದೇನೆ, ಒಂದು ದಿನವೂ ಏನೂ ಆಗಿಲ್ಲ. ದಪ್ಪ ಟವೆಲ್ ಎರಡು ಸುತ್ತು ಸುತ್ತಿದರೆ ಮುಗಿಯಿತು. ಉಗುರುಬೆಚ್ಚಗಿನ ನೀರು ಹಾಕಿಕೊಂಡರೆ ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ಹಾಗಿದ್ದರೆ ಚೀಲ ಯಾಕೆ ಬೇಕು?

ಲೆಕ್ಕಾಚಾರ
ಮೂರನೇ ಮಹಡಿಯವರೇ, ನಿಮಗೆ ಏನೂ ಆಗದಿರುವುದಕ್ಕೆ ಟವೆಲ್ ಅರ್ಧ ಕಾರಣ. ಇನ್ನರ್ಧ, ನಿಮ್ಮ ಕಾಲು ನಿದ್ದೆಯಲ್ಲೂ ಬಿಸಿ ತಾಗಿದೊಡನೆ ಸರಿಯುತ್ತದೆ. ಅವರ ಅಮ್ಮನ ಕಾಲು ಸರಿಯಲಿಲ್ಲ.

ಸುಡುವುದಕ್ಕೆ ನೀರು ಕುದಿಯುತ್ತಿರಬೇಕೆಂದಿಲ್ಲ. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಸಂಶೋಧಕರು ಚರ್ಮ ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಸುಡುತ್ತದೆ ಎಂದು ಅಳೆದು ಪ್ರಕಟಿಸಿದರು. ಚರ್ಮದ ಮೇಲೆ 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೆಲವೇ ಸೆಕೆಂಡು ಸಾಕು. 50 ಡಿಗ್ರಿಗೆ ಕೆಲವು ನಿಮಿಷ. 44 ಡಿಗ್ರಿಗೆ ಸುಮಾರು 6 ಗಂಟೆ. 44ರಿಂದ 51ರವರೆಗೆ ಒಂದೊಂದು ಡಿಗ್ರಿ ಏರಿದಂತೆ ಬೇಕಾದ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಈಗ ಆ 6 ಗಂಟೆಯನ್ನು ಯೋಚಿಸಿ. ಅದು ಒಂದು ರಾತ್ರಿಯ ನಿದ್ದೆ. ಕೈಯಿಂದ ಮುಟ್ಟಿದರೆ "ಹಿತವಾಗಿದೆ" ಎನ್ನಿಸುವ ಬಿಸಿಯೇ ಬೆಳಗಾಗುವಷ್ಟರಲ್ಲಿ ಬೊಬ್ಬೆ ಎಬ್ಬಿಸಬಲ್ಲದು.

ಮೂರನೇ ಮಹಡಿ
44 ಡಿಗ್ರಿ ಎಂದರೆ ಸ್ನಾನದ ನೀರಿಗಿಂತ ಸ್ವಲ್ಪವೇ ಹೆಚ್ಚು. ಹಾಗೆ ನೋಡಿದರೆ ಜಗತ್ತಿನಲ್ಲಿ ಚೀಲ ಬಳಸುವವರೆಲ್ಲರ ಮೈಯಲ್ಲೂ ಬೊಬ್ಬೆ ಇರಬೇಕಿತ್ತು. ನಿಮ್ಮ ಲೆಕ್ಕ ಪ್ರಯೋಗಾಲಯದ್ದು, ಹಾಸಿಗೆಯದ್ದಲ್ಲ.

ಲೆಕ್ಕಾಚಾರ
ನಾನು ಹೇಳಿದ್ದು ಚರ್ಮದ ಬಿಸಿ, ಚೀಲದ ಒಳಗಿನ ನೀರಿನ ಬಿಸಿಯಲ್ಲ. ರಕ್ತ ಚೆನ್ನಾಗಿ ಹರಿಯುತ್ತಿದ್ದರೆ ಅದೇ ಶಾಖವನ್ನು ಹೊತ್ತುಕೊಂಡು ಹೋಗಿ ಚರ್ಮವನ್ನು ತಣಿಸುತ್ತಾ ಇರುತ್ತದೆ. ಹಾಗಾಗಿಯೇ ಆರೋಗ್ಯವಂತರು ಹೆಚ್ಚಿನ ಸಲ ಪಾರಾಗುತ್ತಾರೆ. ಆದರೆ ಕಾಲನ್ನು ಚೀಲದ ಮೇಲೆ ಭಾರವಾಗಿ ಊರಿಕೊಂಡು ಮಲಗಿದರೆ ಒತ್ತಿದ ಜಾಗದಲ್ಲಿ ರಕ್ತದ ಹರಿವು ಕಡಿಮೆಯಾಗುತ್ತದೆ, ಮೇಲೆ ಹೊದಿಕೆ ಇರುವುದರಿಂದ ಶಾಖ ಹೊರಗೂ ಹೋಗುವುದಿಲ್ಲ. ಚೀಲದ ಮೇಲೆ ಕೂರಬೇಡಿ, ಮಲಗಬೇಡಿ ಎಂದು ಹೇಳುವುದಕ್ಕೆ ಚೀಲ ಒಡೆಯುವ ಭಯ ಒಂದೇ ಕಾರಣವಲ್ಲ.

ಇರುವೆ ಸಾಲು
ಟವೆಲ್ ಸುತ್ತಿದರೆ ಇನ್ನೊಂದು ತೊಂದರೆ. ನಿದ್ದೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಚೀಲದ ಅಳತೆಗೆ ಹೊಲಿದ ಕವಚವಾದರೆ ಜಾರುವುದಿಲ್ಲ.

ಅಚ್ಚುಮನೆ
ರಬ್ಬರ್ ಅಚ್ಚು ಹಾಕುವ ಕೆಲಸದಲ್ಲಿ ಹದಿನಾಲ್ಕು ವರ್ಷ ಇದ್ದವನು ನಾನು. ಹಳೆಯ ದೀಪ ಅವರ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಹಳೆಯ ರಬ್ಬರ್ ತೆಳುವಾಗುವುದಿಲ್ಲ, ಸಾಯುತ್ತದೆ. ಗಾಳಿಯ ಆಮ್ಲಜನಕ, ಓಜೋನ್, ಬಿಸಿಲು, ಪದೇ ಪದೇ ಬೀಳುವ ಬಿಸಿ, ಇವೆಲ್ಲ ಸೇರಿ ಅದರ ಸ್ಥಿತಿಸ್ಥಾಪಕತೆಯನ್ನು ತಿನ್ನುತ್ತವೆ. ಮಟ್ಟಸವಾಗಿ ಇಟ್ಟಾಗ ಏನೂ ಕಾಣಿಸುವುದಿಲ್ಲ. ಚೀಲವನ್ನು ಖಾಲಿ ಮಾಡಿ, ಅಂಚನ್ನು ಎರಡು ಬೆರಳಿನಿಂದ ಮಡಿಸಿ ಬೆಳಕಿಗೆ ಹಿಡಿಯಿರಿ. ಮಡಿಕೆಯ ಮೇಲೆ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟರೆ ಅದರ ಕಾಲ ಮುಗಿದಿದೆ. ಕುತ್ತಿಗೆ ಚೀಲಕ್ಕೆ ಕೂಡುವ ಜಾಗ ಮತ್ತು ಪಕ್ಕದ ಬೆಸುಗೆ, ಇವೆರಡನ್ನು ವಿಶೇಷವಾಗಿ ನೋಡಿ. ಒಡೆಯುವುದು ಹೆಚ್ಚಾಗಿ ಅಲ್ಲೇ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಅನೇಕ ಚೀಲಗಳ ಮೈಮೇಲೆ, ಕುತ್ತಿಗೆಯ ಹತ್ತಿರ, ಒಂದು ಪುಟ್ಟ ಹೂವಿನ ಗುರುತು ಅಚ್ಚಾಗಿರುತ್ತದೆ. ಅದು ಅಲಂಕಾರವಲ್ಲ. ನಡುವಿನ ಅಂಕಿ ತಯಾರಾದ ವರ್ಷ. ಸುತ್ತಲಿನ 12 ದಳಗಳು ತಿಂಗಳುಗಳು, ದಳದೊಳಗಿನ ಚುಕ್ಕೆಗಳು ವಾರಗಳು. ಕೊನೆಯ ಚುಕ್ಕೆ ಯಾವ ದಳದಲ್ಲಿದೆಯೋ ಅದೇ ತಯಾರಾದ ತಿಂಗಳು. ಬಿಎಸ್ 1970 ಎಂಬ ಬ್ರಿಟಿಷ್ ಮಾನದಂಡಕ್ಕೆ ಒಪ್ಪುವಂತೆ ಮಾಡಿದ ಚೀಲಗಳಲ್ಲಿ ಆ ಸಂಖ್ಯೆಯೂ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಚೀಲ ಬದಲಿಸಿ ಎಂಬುದು ಸಾಮಾನ್ಯ ಸಲಹೆ. ಬಿರುಕು ಕಂಡರೆ ಆ ಎರಡು ವರ್ಷವನ್ನೂ ಕಾಯಬೇಡಿ.

ಕುದಿಯುವ ನೀರು ಚರ್ಮಕ್ಕಷ್ಟೇ ಅಲ್ಲ, ರಬ್ಬರಿಗೂ ಶತ್ರು. ಮೂರನೇ ಮಹಡಿಯವರ ಇಪ್ಪತ್ತು ವರ್ಷದಲ್ಲಿ ಎಷ್ಟು ಚೀಲ ಬದಲಾಗಿವೆ ಎಂದು ಕೇಳಬೇಕು ಎನ್ನಿಸುತ್ತದೆ.

ಮೂರನೇ ಮಹಡಿ
ಎರಡು. ಈಗಿರುವುದು ಎರಡನೆಯದು.

ಹಳೆಯ ದೀಪ
ಈಗಷ್ಟೇ ಹೋಗಿ ನಮ್ಮ ಮನೆಯದನ್ನು ತೆಗೆದು ನೋಡಿದೆ. ಹೂವು ಇದೆ! ಇಷ್ಟು ದಿನ ಕಂಪನಿಯ ಚಿಹ್ನೆ ಎಂದುಕೊಂಡಿದ್ದೆ. ನಡುವೆ 17 ಎಂದಿದೆ. ಮಡಿಸಿ ನೋಡಿದಾಗ ಕುತ್ತಿಗೆಯ ಕೆಳಗೆ ಬಿಳಿ ಗೆರೆಗಳು ಎದ್ದು ಕಂಡವು. ಕತ್ತರಿಯಿಂದ ಅಡ್ಡ ಸೀಳಿ ಬಿಸಾಡಿದೆ, ಬೇರೆ ಯಾರೂ ಎತ್ತಿಕೊಂಡು ಬಳಸದಿರಲಿ ಎಂದು.

ಕಾಡುಮಲ್ಲಿಗೆ
ನನ್ನದರಲ್ಲಿ ಹೂವೇ ಇಲ್ಲ. ಕೊಂಡ ತಾರೀಕನ್ನು ಮಾರ್ಕರ್ ಪೆನ್ನಿನಿಂದ ಚೀಲದ ಮೇಲೆ ಬರೆದಿಟ್ಟರೆ ಆಗುವುದಿಲ್ಲವೇ?

ಅಚ್ಚುಮನೆ
ಬರೆದಿಡುವುದು ಒಳ್ಳೆಯದು. ಆದರೆ ರಬ್ಬರಿನ ಮೇಲೆ ಬೇಡ, ಕವಚದ ಒಳಗೆ ಒಂದು ಪಟ್ಟಿ ಹೊಲಿದು ಅದರ ಮೇಲೆ ಬರೆಯಿರಿ. ಹಾಗೆಯೇ ಎಣ್ಣೆ, ಜಿಡ್ಡು, ನೋವಿನ ಮುಲಾಮು ರಬ್ಬರಿಗೆ ತಾಗದಂತೆ ನೋಡಿಕೊಳ್ಳಿ, ಅವು ಅದನ್ನು ಮೆತ್ತಗಾಗಿಸಿ ಹಾಳುಮಾಡುತ್ತವೆ. ಬಳಸದ ದಿನಗಳಲ್ಲಿ ನೀರು ಪೂರ್ತಿ ಬಸಿದು, ಬಿರಡೆ ತೆಗೆದು, ತಲೆಕೆಳಗಾಗಿ ನೇತುಹಾಕಿ. ಮಡಚಿ ಬೀರುವಿನಲ್ಲಿ ಭಾರದ ಕೆಳಗೆ ತುರುಕಬೇಡಿ, ಕಿಟಕಿಯ ಬಿಸಿಲಿಗೂ ಇಡಬೇಡಿ.

ನಡುರಾತ್ರಿ
ನನ್ನ ಅನುಭವ ಬೇರೆ. ಚೀಲ ಹೊಸದೇ, ತುಂಬಿಸುವಾಗ ಸುಟ್ಟುಕೊಂಡೆ. ಒಂದು ಕೈಯಲ್ಲಿ ಕುತ್ತಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಟಲ್ ಎತ್ತಿ ಸುರಿಯುತ್ತಿದ್ದೆ. ಅರ್ಧ ತುಂಬಿತ್ತು. ಒಳಗಿನಿಂದ ಒಂದು ದೊಡ್ಡ ಗುಳ್ಳೆ "ಗೊಳಕ್" ಎಂದು ಎದ್ದು, ನೀರೆಲ್ಲ ಕಾರಂಜಿಯಂತೆ ಮಣಿಕಟ್ಟಿಗೆ ಚಿಮ್ಮಿತು. ಹೆಬ್ಬೆರಳ ಬುಡದಲ್ಲಿ ಇಂದಿಗೂ ಕಲೆ ಇದೆ.

ಇರುವೆ ಸಾಲು
ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲದೆ ಹಾಗಾಗುತ್ತದೆ. ಚೀಲವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಕುತ್ತಿಗೆಯನ್ನಷ್ಟೇ ಎತ್ತಿ ಹಿಡಿದು, ನಿಧಾನವಾಗಿ ಸುರಿಯಿರಿ. ಗಾಳಿ ಮೊದಲೇ ಹೊರಗೆ ಹೋಗುತ್ತದೆ.

ನಡುರಾತ್ರಿ
ಮಲಗಿಸಿದರೆ ಹಿಡಿದ ಕೈ ಬಾಯಿಗೆ ಇನ್ನೂ ಹತ್ತಿರವಾಗುತ್ತದೆಯಲ್ಲ? ನಾನಂತೂ ಈಗ ಚೀಲವನ್ನು ಸಿಂಕಿನೊಳಗೆ ನೇರವಾಗಿ ನಿಲ್ಲಿಸಿ, ಆಲಿಕೆ ಇಟ್ಟು, ಕೈ ದೂರ ಇಟ್ಟುಕೊಂಡು ತುಂಬಿಸುತ್ತೇನೆ. ಚೆಲ್ಲಿದರೂ ಸಿಂಕಿಗೆ.

ಶುಶ್ರೂಷಕಿ
ಎರಡೂ ಸರಿ, ಯಾವುದು ನಿಮ್ಮ ಕೈಗೆ ಒಗ್ಗುತ್ತದೋ ಅದನ್ನು ಮಾಡಿ. ಆದರೆ ನಿಧಾನವಾಗಿ ಸುರಿಯಿರಿ, ಮೂರನೆಯ ಎರಡು ಭಾಗಕ್ಕೆ ನಿಲ್ಲಿಸಿ. ಆಮೇಲೆ ನೀರು ಬಾಯಿಯ ಅಂಚಿಗೆ ಬರುವವರೆಗೆ ಚೀಲವನ್ನು ಮೆಲ್ಲಗೆ ಮಲಗಿಸಿ ಗಾಳಿ ಹೊರಡಿಸಿ, ನಂತರ ಬಿರಡೆ ತಿರುಗಿಸಿ. ತಲೆಕೆಳಗು ಮಾಡಿ ಸಿಂಕಿನ ಮೇಲೆ ಹಿಡಿದು ಒಂದು ಕ್ಷಣ ನೋಡಿ, ತೊಟ್ಟಿಕ್ಕಿದರೆ ಬಿರಡೆಯ ವಾಷರ್ ಸವೆದಿದೆ ಎಂದರ್ಥ. ಅಂಥ ಚೀಲವನ್ನು ಹಾಸಿಗೆಗೆ ಒಯ್ಯಬೇಡಿ.

ಮೈಮೇಲೆ ಬಿಸಿನೀರು ಬಿದ್ದರೆ ಕೂಡಲೇ ಒದ್ದೆ ಬಟ್ಟೆ, ಉಂಗುರ, ಬಳೆ ತೆಗೆದು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಎರಡು ನಿಮಿಷವಲ್ಲ, ಪೂರ್ತಿ ಇಪ್ಪತ್ತು. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಮಂಜುಗಡ್ಡೆ ಇಡಬೇಡಿ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಪೆಟ್ಟು.

ಲೆಕ್ಕಾಚಾರ
ನೀರಿನ ಬಿಸಿಗೆ ಥರ್ಮಾಮೀಟರ್ ಇಲ್ಲದವರಿಗೆ ಒಂದು ಸುಲಭ ದಾರಿ. ಮೊದಲು ಒಂದು ಲೋಟ ತಣ್ಣೀರು ಚೀಲಕ್ಕೆ, ಆಮೇಲೆ ಅದೇ ಲೋಟದಲ್ಲಿ ಎರಡು ಅಳತೆ ಕುದಿದ ನೀರು. ತಣ್ಣೀರು 25 ಡಿಗ್ರಿ ಇದ್ದರೆ ಬೆರೆತ ನೀರು ಸುಮಾರು 75 ಡಿಗ್ರಿಗೆ ನಿಲ್ಲುತ್ತದೆ. ತಣ್ಣೀರು ಮೊದಲೇ ಒಳಗಿದ್ದರೆ ಆವಿಯೂ ಮುಖಕ್ಕೆ ಹೊಡೆಯುವುದಿಲ್ಲ. ಇದು ಕವಚ ಹಾಕಿ ಹಾಸಿಗೆ ಬೆಚ್ಚಗೆ ಮಾಡುವುದಕ್ಕೆ ಮಾತ್ರ, ಮೈಗೆ ಒತ್ತಿಕೊಳ್ಳಲು ಇದೂ ಹೆಚ್ಚು. ನಿಮ್ಮ ಚೀಲದ ಚೀಟಿಯಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಅದನ್ನೇ ಪಾಲಿಸಿ.

ಕಡತ
ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಈ ಚೀಲದ ಈಗಿನ ರೂಪಕ್ಕೆ 1903ರಲ್ಲಿ ಪೇಟೆಂಟ್ ಪಡೆದವರು ಎಡ್ವರ್ಡ್ ಪೆಂಕಾಲಾ, ಕ್ರೊಯೇಷಿಯಾದ ಎಂಜಿನಿಯರ್. ಒಂದು ಬಗೆಯ ಮೆಕ್ಯಾನಿಕಲ್ ಪೆನ್ಸಿಲಿಗೂ ಅವರು ಪೇಟೆಂಟ್ ಪಡೆದಿದ್ದರು. ಕೈಯಲ್ಲಿ ಪೆನ್ಸಿಲ್ ಹಿಡಿದಾಗಲೆಲ್ಲ ನನಗೆ ಈ ನಂಟು ನೆನಪಾಗುತ್ತದೆ.

ಅಚ್ಚುಮನೆ
ಒಳ್ಳೆಯ ಮಾಹಿತಿ. ಆದರೆ ಅದಕ್ಕೆ ಮೊದಲು ಚಾರ್ಲ್ಸ್ ಗುಡ್‌ಇಯರ್ ಅವರನ್ನು ನೆನೆಯಬೇಕು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡುವ ವಿಧಾನಕ್ಕೆ ಅವರಿಗೆ 1844ರಲ್ಲಿ ಪೇಟೆಂಟ್ ಸಿಕ್ಕಿತು. ಅದಿಲ್ಲದಿದ್ದರೆ ಬಿಸಿನೀರು ತುಂಬಿದ ರಬ್ಬರ್ ಅಂಟಂಟಾಗಿ ಕೈಗೆ ಮೆತ್ತಿಕೊಳ್ಳುತ್ತಿತ್ತು.

ಕಾಡುಮಲ್ಲಿಗೆ
ಶುಶ್ರೂಷಕಿ ಅಕ್ಕ, ಒಂದು ಸಂಕೋಚದ ಪ್ರಶ್ನೆ. ಮುಟ್ಟಿನ ನೋವಿಗೆ ತಿಂಗಳಲ್ಲಿ ನಾಲ್ಕೈದು ದಿನ ಕಿಬ್ಬೊಟ್ಟೆಯ ಮೇಲೆ ಚೀಲ ಇಟ್ಟುಕೊಳ್ಳುತ್ತೇನೆ. ಅದರಷ್ಟು ಹಿತ ಯಾವ ಮಾತ್ರೆಯೂ ಕೊಡುವುದಿಲ್ಲ. ಆದರೆ ಈಚೆಗೆ ಅಲ್ಲಿ ಮೀನಿನ ಬಲೆಯಂಥ ಕಂದು ಗೆರೆಗಳು ಮೂಡಿವೆ. ಉರಿಯಿಲ್ಲ, ತುರಿಕೆಯಿಲ್ಲ. ಉಜ್ಜಿದರೂ ಹೋಗುವುದಿಲ್ಲ.

ಶುಶ್ರೂಷಕಿ
ಸಂಕೋಚ ಯಾಕಮ್ಮ, ಕೇಳಿದ್ದು ಒಳ್ಳೆಯದಾಯಿತು. ಸುಡದಷ್ಟು ಬಿಸಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದಾಗ ಹೀಗೆ ಬಲೆಯಾಕಾರದ ಕಲೆ ಬರುತ್ತದೆ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗಂಟೆಗಟ್ಟಲೆ ಕೆಲಸ ಮಾಡುವವರಿಗೂ ಬರುತ್ತದೆ. ಆರಂಭದಲ್ಲೇ ಶಾಖ ನಿಲ್ಲಿಸಿದರೆ ತಿಂಗಳುಗಳಲ್ಲಿ ನಿಧಾನವಾಗಿ ಮಾಸುತ್ತದೆ. ವರ್ಷಗಟ್ಟಲೆ ಮುಂದುವರಿಸಿದರೆ ಕಲೆ ಉಳಿದುಬಿಡಬಹುದು, ಅಪರೂಪಕ್ಕೆ ಅಲ್ಲಿ ಚರ್ಮದ ಕ್ಯಾನ್ಸರ್ ಕಂಡದ್ದೂ ಉಂಟು. ಚರ್ಮದ ವೈದ್ಯರಿಗೊಮ್ಮೆ ತೋರಿಸಿ.

ಕಲೆ ಮಾಸುವವರೆಗೆ ಆ ಜಾಗಕ್ಕೆ ಶಾಖ ಬೇಡ. ಆಮೇಲೂ ಬಟ್ಟೆಯ ಮೇಲೆ, ಕವಚದೊಡನೆ, ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ. ನೋವಿನ ಮುಲಾಮು ಹಚ್ಚಿದ ಜಾಗದ ಮೇಲೆ ಚೀಲ ಇಡಲೇಬೇಡಿ, ಎರಡೂ ಸೇರಿದರೆ ಸುಡುತ್ತದೆ. ಔಷಧದ ಪಟ್ಟಿ ಅಂಟಿಸಿಕೊಂಡವರು ಇನ್ನೂ ಎಚ್ಚರದಿಂದಿರಬೇಕು. ಫೆಂಟನಿಲ್‌ನಂಥ ಬಲವಾದ ನೋವುನಿವಾರಕ ಪಟ್ಟಿಯ ಮೇಲೆ ಶಾಖ ಬಿದ್ದರೆ ಔಷಧ ಅತಿಯಾಗಿ ರಕ್ತಕ್ಕೆ ಸೇರಿ ಪ್ರಾಣಕ್ಕೇ ಅಪಾಯ.

ಬೆಳ್ಳಿಚುಕ್ಕಿ
ಇಷ್ಟೆಲ್ಲ ತಾಪತ್ರಯ ಯಾಕೆ, ನೀರು ಕುಡಿಯುವ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿಸಿ ಟವೆಲ್ ಸುತ್ತಿದರೆ ಸಾಲದೇ?

ಲೆಕ್ಕಾಚಾರ
ದಯವಿಟ್ಟು ಬೇಡ. ಆ ಬಾಟಲಿಗಳ ಪ್ಲಾಸ್ಟಿಕ್ 70 ಡಿಗ್ರಿ ದಾಟಿದೊಡನೆ ಮೆತ್ತಗಾಗುತ್ತದೆ. ಬಾಯಿ ಸೊಟ್ಟಗಾಗಿ ಮುಚ್ಚಳ ಕಳಚಿಕೊಂಡರೆ ಅಷ್ಟೂ ನೀರು ಹಾಸಿಗೆಗೆ. ಗಾಜಿನ ಬಾಟಲಿ ಹಠಾತ್ ಬಿಸಿಗೆ ಸೀಳಬಹುದು.

ನಡುರಾತ್ರಿ
ವಿದ್ಯುತ್ತಿನಲ್ಲಿ ಬಿಸಿಯಾಗುವ ಚೀಲದ ಬಗ್ಗೆ ಯಾರೂ ಹೇಳಲಿಲ್ಲ. ನೀರು ಸುರಿಯುವ ರಗಳೆಯೇ ಇಲ್ಲ.

ಅಚ್ಚುಮನೆ
ಸುರಿಯುವ ಅಪಾಯ ಇಲ್ಲ, ನಿಜ. ಆದರೆ ವೈರ್ ಚುಚ್ಚಿಟ್ಟುಕೊಂಡೇ ಮೈಮೇಲೆ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ, ಅದು ಪ್ರಾಣದ ಜೊತೆ ಆಟ. ಬಿಸಿಯಾದ ಮೇಲೆ ವೈರ್ ಕಿತ್ತು, ಆಮೇಲೆ ಮುಟ್ಟಬೇಕು. ಕಾಯುವಾಗ ಉಬ್ಬಿಕೊಂಡರೆ, ಸೋರಿದರೆ, ತಾನಾಗಿ ಆಫ್ ಆಗದಿದ್ದರೆ ಮತ್ತೆಂದೂ ಬಳಸಬೇಡಿ. ಕಾಯುತ್ತಿರುವಾಗ ಬಿಟ್ಟು ಹೋಗಲೂಬೇಡಿ.

ಹಳೆಯ ದೀಪ
ಮಗಳಿಗೆ ಮಗುವಾಗಿದೆ. ತೊಟ್ಟಿಲಲ್ಲಿ ಚೀಲ ಇಡಬಹುದೇ?

ಶುಶ್ರೂಷಕಿ
ಮಗುವಿನ ಜೊತೆ ಬೇಡವೇ ಬೇಡ ಅಣ್ಣ. ತೊಟ್ಟಿಲು ತಣ್ಣಗಿದೆ ಎನ್ನಿಸಿದರೆ ಮೊದಲೇ ಇಟ್ಟು, ಬೆಚ್ಚಗಾದ ಮೇಲೆ ಚೀಲ ತೆಗೆದು, ಹಾಸನ್ನು ಕೈಯಿಂದ ಮುಟ್ಟಿ ನೋಡಿ ಮಗುವನ್ನು ಮಲಗಿಸಿ. ಹಸುಗೂಸಿನ ಚರ್ಮ ಬಹಳ ತೆಳು, ಸರಿದುಕೊಳ್ಳಲೂ ಅದಕ್ಕೆ ಬಾರದು.

ತಂಗಾಳಿ
ಎಲ್ಲರಿಗೂ ಕೃತಜ್ಞತೆ. ಶುಶ್ರೂಷಕಿಯವರ ಮಾತು ಓದಿದ ಕೂಡಲೇ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ.

ವೈದ್ಯರು ಬೊಬ್ಬೆ ನೋಡಿ ಪಟ್ಟಿ ಕಟ್ಟಿದರು. ಆಮೇಲೆ ಪೆನ್ನಿನಂಥ ಒಂದು ಹಿಡಿ ತೆಗೆದರು, ಅದರ ತುದಿಯಲ್ಲಿ ಬಿರುಸಾದ ನೈಲಾನ್ ಎಳೆ. 10 ಗ್ರಾಂ ಒತ್ತಡಕ್ಕೆ ಬಾಗುವಂತೆಯೇ ಮಾಡಿದ್ದಂತೆ. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, "ತಾಗಿದಾಗ ಹೇಳಿ" ಎಂದರು. ಹೆಬ್ಬೆರಳಿಗೆ ಇಟ್ಟರು, ಎಳೆ ಬಿಲ್ಲಿನಂತೆ ಬಾಗಿತು. ಅಮ್ಮ ಸುಮ್ಮನಿದ್ದರು. ಪಾದದ ಮುಂಭಾಗದಲ್ಲಿ ಮೂರು ಕಡೆ ಇಟ್ಟರು. ಸುಮ್ಮನಿದ್ದರು. ಐದನೆಯದು ಹಿಮ್ಮಡಿಯ ಹತ್ತಿರ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡೇ, "ಶುರು ಮಾಡಿ ಡಾಕ್ಟರೇ, ನಾನು ತಯಾರಾಗಿದ್ದೇನೆ" ಎಂದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ದಿನವೂ ನೀರು ಕುದಿಸಿ ಕೊಡುತ್ತಿದ್ದ ಕೈ ನನ್ನದು.

ಬೊಬ್ಬೆ ಮೇಲ್ಪದರದ್ದೇ, ಸೋಂಕು ಇಲ್ಲ, ಮೂರು ದಿನ ಬಿಟ್ಟು ಮತ್ತೆ ಬನ್ನಿ ಎಂದಿದ್ದಾರೆ. ಈಗ ಮಲಗುವುದಕ್ಕೆ ಅರ್ಧ ಗಂಟೆ ಮೊದಲು ಚೀಲವನ್ನು ಹಾಸಿಗೆಯಲ್ಲಿಟ್ಟು, ಅವರು ಕಾಲು ಚಾಚುವ ಮೊದಲೇ ತೆಗೆದುಬಿಡುತ್ತೇನೆ. ಅಮ್ಮನಿಗೆ ಸಿಟ್ಟು ಬಂದಿದೆ. "ಇಷ್ಟು ವರ್ಷ ಇಲ್ಲದ ನಿಯಮ ಈಗ ಯಾಕೆ" ಎಂದು ನಿನ್ನೆ ರಾತ್ರಿ ಮುಖ ತಿರುಗಿಸಿ ಮಲಗಿದರು.

ಶುಶ್ರೂಷಕಿ
ನೀವು ತಿಳಿಯದೆ ಮಾಡಿದ್ದು, ತಿಳಿದ ದಿನವೇ ಕರೆದುಕೊಂಡು ಹೋಗಿದ್ದೀರಿ. ಆ ಭಾರ ಹೊತ್ತುಕೊಳ್ಳಬೇಡಿ. ಸಿಟ್ಟು ಇಳಿಯುತ್ತದೆ.

ಮೂರನೇ ಮಹಡಿ
ತಂಗಾಳಿಯವರೇ, ನಿಮ್ಮ ಅಮ್ಮ ಬೇಗ ಗುಣವಾಗಲಿ. ನಿನ್ನೆ ಇಲ್ಲಿ ವಾದ ಮಾಡಿದ ಮೇಲೆ ಸುಮ್ಮನಿರಲಾಗದೆ ನಾನೂ ಒಂದು ಪರೀಕ್ಷೆ ಮಾಡಿದೆ. ಮರಳಿದ ನೀರು ತುಂಬಿ, ಟವೆಲ್ ಎರಡು ಸುತ್ತು ಸುತ್ತಿ, ಹೊದಿಕೆಯೊಳಗೆ ಟವೆಲಿನ ಹೊರಮೈಗೆ ಥರ್ಮಾಮೀಟರ್ ತಾಗಿಸಿಟ್ಟೆ. ಒಂದು ಗಂಟೆಯ ನಂತರ 51 ತೋರಿಸಿತು. ಮೈಯ ಶಾಖ ಬೇರೆ, ಥರ್ಮಾಮೀಟರ್ ಬೇರೆ ಎಂದು ಈಗಲೂ ಹೇಳುತ್ತೇನೆ. ಆದರೆ ಮರಳುವ ನೀರು ತುಂಬಿಸುವುದನ್ನು ಬಿಟ್ಟಿದ್ದೇನೆ. ಚೀಲದಲ್ಲಿ ಹೂವಿದೆಯೇ ಎಂದೂ ನೋಡಿದೆ, ಸವೆದು ಅಂಕಿ ಓದಲಾಗುತ್ತಿಲ್ಲ.

ಅಚ್ಚುಮನೆ
ಅಂಕಿ ಸವೆಯುವಷ್ಟು ಬಳಸಿದ್ದೀರಿ ಎಂದರೆ ಬದಲಿಸಲು ಬೇರೆ ಪುರಾವೆ ಬೇಡ ಅಣ್ಣ.

ತಂಗಾಳಿ
ಇನ್ನೊಂದೇ ಪ್ರಶ್ನೆ. ಚೀಲದ ಬದಲು ರಾತ್ರಿ ಉಣ್ಣೆಯ ಕಾಲುಚೀಲ ಹಾಕಿಕೊಳ್ಳಲು ಅಮ್ಮ ಒಪ್ಪಿದ್ದಾರೆ. ಅದಕ್ಕೂ ಏನಾದರೂ ಎಚ್ಚರಿಕೆ ಇದೆಯೇ?

ಶುಶ್ರೂಷಕಿ
ಹಾಕಲಿ, ಒಳ್ಳೆಯದೇ. ಗಾಯದ ಪಟ್ಟಿ ಇರುವವರೆಗೆ ಆ ಕಾಲಿಗೆ ಹಾಕುವ ಮೊದಲು ವೈದ್ಯರನ್ನು ಕೇಳಿ. ಮೇಲಿನ ಎಲಾಸ್ಟಿಕ್ ಸಡಿಲವಾಗಿರಲಿ, ಬೆಳಿಗ್ಗೆ ತೆಗೆದಾಗ ಕಣಕಾಲಿನ ಸುತ್ತ ಗೆರೆ ಬಿದ್ದಿರಬಾರದು. ಬೆರಳಿನ ಹತ್ತಿರ ದಪ್ಪ ಹೊಲಿಗೆ ಇದ್ದರೆ ಕಾಲುಚೀಲವನ್ನು ಒಳಹೊರಗು ಮಾಡಿ ಹಾಕಿ, ಹೊಲಿಗೆ ಚರ್ಮಕ್ಕೆ ಒತ್ತುವುದಿಲ್ಲ. ತಿಳಿ ಬಣ್ಣದ್ದು ತೆಗೆದುಕೊಳ್ಳಿ. ರಾತ್ರಿ ಎಲ್ಲಿಯಾದರೂ ಗಾಯವಾಗಿ ನೀರೋ ರಕ್ತವೋ ಒಸರಿದ್ದರೆ ಅವರಿಗೆ ಗೊತ್ತಾಗುವುದಿಲ್ಲ, ಬೆಳಿಗ್ಗೆ ನಿಮಗೆ ಕಾಣಿಸುತ್ತದೆ.